ಮರುಭೂಮಿಯ ಬೀಜದ ಕುದುರೆಗಳನ್ನು ತಂದ ಬೈರನ್ ಮೊಮ್ಮಗಳು

ಗಣಕಯಂತ್ರದ ಇತಿಹಾಸವನ್ನು ಅಷ್ಟಿಷ್ಟು ಓದಿದವರಿಗೆಲ್ಲ ಅದಾ ಲವ್‌ಲೇಸ್ ಹೆಸರು ಪರಿಚಿತ. ಆಕೆ ಆಂಗ್ಲ ಕವಿ ಲಾರ್ಡ್ ಬೈರನ್‌ನ ಮಗಳೆಂಬುದೂ ಹಲವರಿಗೆ ಗೊತ್ತು. ಅದಾಳ ಮಗಳ ಹೆಸರು ಮಾತ್ರ ಕುದುರೆ ಸಾಕುವವರ ವಲಯದಾಚೆಗೆ ಅಷ್ಟಾಗಿ ಕೇಳಿಬರುವುದಿಲ್ಲ. ಆ ವಲಯದೊಳಗೆ ಲೇಡಿ ಆನ್ ಬ್ಲಂಟ್ ಅವರದು ಬಲು ದೊಡ್ಡ ಹೆಸರು. ಇಂದು ಪ್ರಪಂಚದ ನಾನಾ ದೇಶಗಳಲ್ಲಿರುವ ಶುದ್ಧ ಅರಬ್ಬೀ ಕುದುರೆಗಳ ಪೈಕಿ ಬಹುಪಾಲಿನ ವಂಶಪತ್ರವನ್ನು ಹಿಂದಕ್ಕೆ ಹಿಡಿದು ಹೋದರೆ, ಎಲ್ಲೋ ಒಂದು ಕಡೆ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಕ್ರ್ಯಾಬೆಟ್ ಎಂಬ ಊರಿನ ಲಾಯವೊಂದು ಎದುರಾಗುತ್ತದೆ. ಆ ಲಾಯವನ್ನು ಕಟ್ಟಿದವರು ಆನ್ ಮತ್ತು ಅವರ ಪತಿ. ಅದರ ಲೆಕ್ಕವನ್ನು ಸತ್ಯವಾಗಿ ಇಟ್ಟವರು ಆನ್.

ಆನ್ ಇಸಬೆಲ್ಲಾ ನೋಯೆಲ್ ಕಿಂಗ್ ಹುಟ್ಟಿದ್ದು 1837ರ ಸೆಪ್ಟೆಂಬರ್ 22ರಂದು, ಲಂಡನ್ನಿನಲ್ಲಿ. ತಂದೆ ಲವ್‌ಲೇಸ್ ಪಟ್ಟದ ವಿಲಿಯಂ ಕಿಂಗ್. ತಾಯಿ ಅದಾ ಗಣಿತದಲ್ಲಿ ಎಷ್ಟು ಮುಳುಗಿದ್ದಳೋ ಕೊನೆಯ ವರ್ಷಗಳಲ್ಲಿ ಕುದುರೆ ಜೂಜಿನಲ್ಲೂ ಅಷ್ಟೇ ಮುಳುಗಿ, ಸಾವಿರಾರು ಪೌಂಡ್ ಕಳೆದುಕೊಂಡು, ಮನೆತನದ ವಜ್ರದ ಒಡವೆಗಳನ್ನು ಗಿರವಿ ಇಟ್ಟಳು. 1852ರಲ್ಲಿ ಅವಳು ತೀರಿಕೊಂಡಾಗ ವಯಸ್ಸು ಕೇವಲ 36. ಆನ್‌ಗೆ ಆಗ 15. ತಾಯಿಯನ್ನು ಸಾಲದಲ್ಲಿ ಮುಳುಗಿಸಿದ ಪ್ರಾಣಿಯೇ ಮಗಳ ಬಾಳಿಗೆ ಅರ್ಥ ಕೊಟ್ಟದ್ದು ವಿಚಿತ್ರವೇ ಸರಿ.

ಬಾಲ್ಯದ ಬಹುಭಾಗ ಅಜ್ಜಿ ಲೇಡಿ ಬೈರನ್ ಅವರ ಕಟ್ಟುನಿಟ್ಟಿನ ಆಶ್ರಯದಲ್ಲಿ ಕಳೆಯಿತು. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳು ಬಂದವು. ಚಿತ್ರಕಲೆಯನ್ನು ಹೇಳಿಕೊಟ್ಟವರು ಜಾನ್ ರಸ್ಕಿನ್. ಪಿಟೀಲು ವಾದನದಲ್ಲಿ ಆನ್‌ಗೆ ಎಷ್ಟು ಶ್ರದ್ಧೆಯಿತ್ತೆಂದರೆ, 1721ರಲ್ಲಿ ಸ್ಟ್ರಾಡಿವೇರಿ ತಯಾರಿಸಿದ ಒಂದು ವಾದ್ಯವನ್ನು ಕೊಂಡು ಸುಮಾರು 30 ವರ್ಷ ತಮ್ಮಲ್ಲಿಟ್ಟುಕೊಂಡಿದ್ದರು. ಇಂದಿಗೂ ಅದಕ್ಕೆ ಲೇಡಿ ಬ್ಲಂಟ್ ಎಂಬ ಹೆಸರೇ ಇದೆ. 2011ರಲ್ಲಿ ಜಪಾನಿನ ಸುನಾಮಿ ಸಂತ್ರಸ್ತರ ನೆರವಿಗೆಂದು ಅದನ್ನು ಹರಾಜು ಹಾಕಿದಾಗ ಸುಮಾರು 1.59 ಕೋಟಿ ಡಾಲರ್ ಬಂದಿತು. ಆದರೆ ರೇಖೆಯನ್ನು ಕಣ್ಣಿನಿಂದ ಅಳೆಯುವ, ದನಿಯನ್ನು ಕಿವಿಯಿಂದ ಅಳೆಯುವ ಈ ಶಿಕ್ಷಣವೆಲ್ಲ ಮುಂದೆ ಉಪಯೋಗಕ್ಕೆ ಬಂದದ್ದು ಸಂಗೀತ ಸಭೆಗಳಲ್ಲಲ್ಲ, ಮರುಭೂಮಿಯ ಡೇರೆಗಳ ಮುಂದೆ.

1869ರಲ್ಲಿ ಆನ್ ಅವರು ವಿಲ್‌ಫ್ರಿಡ್ ಸ್ಕಾವೆನ್ ಬ್ಲಂಟ್ ಅವರನ್ನು ವರಿಸಿದರು. ಆತ ರಾಜತಾಂತ್ರಿಕ ಸೇವೆಯಿಂದ ಹೊರಬಂದ ಸುಂದರ ಯುವಕ, ಕವಿ, ಮಾತುಗಾರ, ಮತ್ತು ಜೀವನದುದ್ದಕ್ಕೂ ಪರಸ್ತ್ರೀಯರ ಸಹವಾಸ ಬಿಡದವರು. ಆನ್ ಕುಳ್ಳಗಿನ, ಮಿತಭಾಷಿಯಾದ ಹೆಣ್ಣುಮಗಳು. ಆದಾಯ ಮಾತ್ರ ಅವರದು. ಗರ್ಭಪಾತಗಳು ಮತ್ತು ಹುಟ್ಟಿದೊಡನೆ ತೀರಿಕೊಂಡ ಶಿಶುಗಳ ದುಃಖದ ನಡುವೆ ಉಳಿದದ್ದು 1873ರಲ್ಲಿ ಜನಿಸಿದ ಜುಡಿತ್ ಒಬ್ಬಳೇ. ಇದಕ್ಕೆ ಒಂದು ವರ್ಷ ಮೊದಲು, ಅಣ್ಣನ ಸಾವಿನಿಂದಾಗಿ, ಕ್ರ್ಯಾಬೆಟ್ ಜಮೀನು ವಿಲ್‌ಫ್ರಿಡ್ ಕೈಸೇರಿತ್ತು.

ದಂಪತಿಗಳು ತುರ್ಕಿ, ಅಲ್ಜೀರಿಯಾ, ಈಜಿಪ್ಟ್ ಸುತ್ತಿದ ಬಳಿಕ 1877ರ ಚಳಿಗಾಲದಲ್ಲಿ ಸಿರಿಯಾದ ಅಲೆಪ್ಪೊ ನಗರ ತಲುಪಿದರು. ಆ ಊರಿನಿಂದಲೇ 1704ರಲ್ಲಿ ಡಾರ್ಲಿ ಅರೇಬಿಯನ್ ಎಂಬ ಕುದುರೆ ಇಂಗ್ಲೆಂಡಿಗೆ ಹೋಗಿತ್ತು. ರೇಸಿನ ಥರೋಬ್ರೆಡ್ ತಳಿಗೆ ಮೂಲವಾದ ಮೂರು ಗಂಡು ಕುದುರೆಗಳಲ್ಲಿ ಅದೂ ಒಂದು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಓಡಿದ ಪ್ರತಿಯೊಂದು ಥರೋಬ್ರೆಡ್‌ನ ಗಂಡು ಸಾಲೂ ಕೊನೆಗೆ ಹೋಗಿ ಸೇರುವುದು ಆ ಮೂರರಲ್ಲಿ ಒಂದಕ್ಕೆ. ಅದೇ ಮೂಲದಿಂದ ಹೊಸ ರಕ್ತ ತಂದರೆ ಇಂಗ್ಲೆಂಡಿನ ಕುದುರೆಗಳು ಇನ್ನಷ್ಟು ಗಟ್ಟಿಯಾದಾವು ಎಂಬ ಆಲೋಚನೆ ಬ್ಲಂಟ್ ದಂಪತಿಗಳಲ್ಲಿ ಮೂಡಿತು. ಅಲ್ಲಿದ್ದ ಬ್ರಿಟಿಷ್ ಕಾನ್ಸಲ್ ಜೇಮ್ಸ್ ಸ್ಕೀನ್ ಅದಕ್ಕೆ ಒತ್ತಾಸೆಯಾಗಿ ನಿಂತರು. ಕ್ರಿಸ್‌ಮಸ್ ದಿನ ದಜಾನಿಯಾ ಎಂಬ ಮೊದಲ ಹೆಣ್ಣು ಕುದುರೆಯ ಖರೀದಿಯಾಯಿತು.

ಮೊದಲ ಮುಖ್ಯ ಬೀಜದ ಕುದುರೆ ಕಾರ್ಸ್ ಕೂಡ ಅಲೆಪ್ಪೊದಲ್ಲೇ ಸಿಕ್ಕಿತು. ರಷ್ಯಾ-ತುರ್ಕಿ ಯುದ್ಧಕ್ಕೆ ಹೋಗಿ, ಗಾಯಗೊಂಡು, ಮೈ ಸೊರಗಿ ಹಿಂದಿರುಗಿದ ಕಂದು ಕುದುರೆ ಅದು. ಯುದ್ಧ ನಡೆದ ಕೋಟೆಯ ಹೆಸರನ್ನೇ ಅದಕ್ಕೆ ಇಡಲಾಯಿತು. ಸೊರಗಿದ ಮೈಯೊಳಗಿನ ಎಲುಬಿನ ಕಟ್ಟನ್ನು ನೋಡಿ ಕುದುರೆ ಕೊಳ್ಳುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಚಿತ್ರ ಬರೆದು ಪಳಗಿದ ಕಣ್ಣು ಇಲ್ಲಿ ನೆರವಾಗಿರಬೇಕು.

ಅಲ್ಲಿಂದ ಯೂಫ್ರಟಿಸ್ ನದಿಯ ದಂಡೆ ಹಿಡಿದು ಅನಜಾ, ಶಮ್ಮರ್ ಬುಡಕಟ್ಟುಗಳ ಡೇರೆಗಳ ನಡುವೆ ತಿಂಗಳುಗಟ್ಟಲೆ ಅಲೆದಾಟ. ಆನ್ ಅಷ್ಟರಲ್ಲಿ ಅರಬ್ಬಿ ಕಲಿಯತೊಡಗಿದ್ದರು. ಬೆದೂಯಿನರು ಯುದ್ಧಕ್ಕೂ ಸವಾರಿಗೂ ಹೆಣ್ಣು ಕುದುರೆಯನ್ನೇ ನೆಚ್ಚುತ್ತಿದ್ದರು. ಗಂಡು ಮರಿಗಳಲ್ಲಿ ಬಹಳಷ್ಟನ್ನು ಪೇಟೆಗೆ ಮಾರಿಬಿಡುತ್ತಿದ್ದರು. ತಳಿಗೆಂದು ಉಳಿಸಿಕೊಳ್ಳುತ್ತಿದ್ದುದು ಬೆರಳೆಣಿಕೆಯಷ್ಟನ್ನು. ಕೆಹೈಲಾನ್, ಸೆಗ್ಲಾವಿ, ಅಬೆಯಾನ್, ಹಮ್ದಾನಿ, ಹದ್ಬಾನ್ ಮೊದಲಾದ ವಂಶಗಳ ಹೆಸರು ಸಾಗಿ ಬರುತ್ತಿದ್ದುದು ತಾಯಿಯ ಕಡೆಯಿಂದ. ಮಾರುಕಟ್ಟೆಯಲ್ಲಿ ಚೆಂದ ಕಾಣುವ ಗಂಡು ಕುದುರೆ ಎಷ್ಟಾದರೂ ಸಿಗುತ್ತಿತ್ತು. ಅದರ ತಾಯಿ ಯಾರು, ತಾಯಿಯ ತಾಯಿ ಯಾವ ಡೇರೆಯದು ಎಂದು ಕೇಳಿದರೆ ಉತ್ತರ ಸಿಗುವುದು ದುರ್ಲಭ. ಡೇರೆಯಲ್ಲಿ ಉತ್ತರ ಸಿಗುತ್ತಿತ್ತು, ಅಲ್ಲಿ ಕುದುರೆ ಮಾರಾಟಕ್ಕಿರುತ್ತಿರಲಿಲ್ಲ.

ಆ ಜನ ಶುದ್ಧ ತಳಿಯ ಕುದುರೆಗೆ ಬಳಸುತ್ತಿದ್ದ ಮಾತು ಅಸೀಲ್. ವಂಶದ ಬಗ್ಗೆ ಸಾಕ್ಷಿ ಪಕ್ಕಾ ಇದ್ದರೆ ಅದು ಮಜ್ಬೂತ್. ಕನ್ನಡದ ಅಸಲಿ ಮತ್ತು ಮಜಬೂತು ಇವೇ ಮಾತುಗಳ ಬಳಗದವು. ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮ ಸಂತೆಗಳಿಗೆ ಬಂದವು. ಅರಬ್ಬೀ ಕುದುರೆಯೇನೂ ಈ ನಾಡಿಗೆ ಹೊಸದಲ್ಲ. ವಿಜಯನಗರದ ಅರಸರು ಭಟ್ಕಳ, ಹೊನ್ನಾವರದ ಬಂದರುಗಳ ಮೂಲಕ ಅವನ್ನು ತರಿಸಿಕೊಳ್ಳುತ್ತಿದ್ದರು. ಆದರೆ ಹಾಗೆ ಹಡಗಿನಲ್ಲಿ ಬಂದವು ಹೆಚ್ಚಾಗಿ ಯುದ್ಧದಲ್ಲಿ ಸವೆದು ಮುಗಿಯುತ್ತಿದ್ದ ಕುದುರೆಗಳು. ಆನ್ ಹುಡುಕುತ್ತಿದ್ದುದು ಬೇರೆ. ತಾಯಿ, ತಂದೆ, ಸಾಕಿದವನ ಹೆಸರು, ಸಾಕ್ಷಿ ನುಡಿದವನ ಹೆಸರು ಸಮೇತ ಒಂದು ಕುದುರೆ ಬೇಕಾಗಿತ್ತು. ಆ ವಿವರಗಳನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. ಒಬ್ಬ ಹೇಳಿದ್ದನ್ನು ಇನ್ನೊಬ್ಬನಲ್ಲಿ ಕೇಳಿ ತಾಳೆ ನೋಡಿದರು. ಸಂಶಯವಿದ್ದರೆ ಸಂಶಯವೆಂದೇ ಬರೆದರು. ಕುದುರೆ ವ್ಯಾಪಾರದಲ್ಲಿ ಇದು ಅಪರೂಪದ ಗುಣ.

1878ರ ಜುಲೈ ಆರಂಭದಲ್ಲಿ ಮೊದಲ ಕುದುರೆಗಳು ಕ್ರ್ಯಾಬೆಟ್ ತಲುಪಿದವು. ಕುಣಿಗಲ್ ಸ್ಟಡ್ ಫಾರಂ ನೋಡಿದವರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವಷ್ಟು ದೊಡ್ಡ ವ್ಯವಸ್ಥೆ ಅದಾಗಿರಲಿಲ್ಲ. ಒಂದು ಮನೆತನದ ಜಮೀನಿನಲ್ಲಿ, ಓಕ್ ಮರಗಳ ನಡುವಿನ ಹುಲ್ಲುಗಾವಲಲ್ಲಿ, ಕೆಲವು ಹೆಣ್ಣು ಕುದುರೆಗಳು ಮತ್ತು ಒಂದೆರಡು ಗಂಡು ಕುದುರೆಗಳು. ಅಷ್ಟೆ.

ಅದೇ ವರ್ಷದ ಡಿಸೆಂಬರ್ 13ರಂದು ದಂಪತಿಗಳು ಡಮಾಸ್ಕಸ್‌ನಿಂದ ಮತ್ತೆ ಹೊರಟರು. ಈ ಸಲ ಗುರಿ ಮಧ್ಯ ಅರೇಬಿಯಾದ ನಜ್ದ್. ಪಾಲ್ಮೈರಾದ ಷೇಕ್‌ನ ಮಗ ಮಹಮ್ಮದ್ ಇಬ್ನ್ ಅರೂಕ್ ಜೊತೆಗಾರ. ದಾರಿಯಲ್ಲಿ ವಾದಿ ಸಿರ್ಹಾನ್ ಎಂಬಲ್ಲಿ ರುವಾಲಾ ಸವಾರರು ಈಟಿ ಹಿಡಿದು ಮೇಲೆರಗಿದರು. ಆನ್‌ಗೆ ಮೊಣಕಾಲು ಉಳುಕಿತ್ತು, ಓಡುವಂತಿರಲಿಲ್ಲ. ವಿಲ್‌ಫ್ರಿಡ್ ತಲೆಗೆ ಅವರದೇ ಬಂದೂಕಿನ ಹಿಡಿಯಿಂದ ಪೆಟ್ಟು ಬಿತ್ತು. ಜೊತೆಗಿದ್ದವರು ಯಾರ ಕಡೆಯವರೆಂದು ತಿಳಿದ ಮೇಲೆ ಸವಾರರು ಕುದುರೆಗಳನ್ನು ಹಿಂದಿರುಗಿಸಿದರು. ನಂತರ ನೆಫೂದಿನ ಕೆಂಪು ಮರಳನ್ನು ದಾಟಿ 1879ರ ಜನವರಿ ಕೊನೆಯಲ್ಲಿ ಹಾಯಿಲ್ ಪಟ್ಟಣ ಸೇರಿದರು. ಮಧ್ಯ ಅರೇಬಿಯಾದ ಆ ಭಾಗವನ್ನು ಕಂಡ ಮೊದಲ ಐರೋಪ್ಯ ಮಹಿಳೆ ಆನ್ ಎಂದು ಚರಿತ್ರೆಕಾರರು ಗುರುತಿಸುತ್ತಾರೆ.

ಹಾಯಿಲಿನ ಅಮೀರ ಮಹಮ್ಮದ್ ಇಬ್ನ್ ರಷೀದ್ ತನ್ನ ಅಣ್ಣನ ಮಕ್ಕಳನ್ನು ಕೊಂದು ಪಟ್ಟಕ್ಕೇರಿದವನು. ಅತಿಥಿಗಳಿಗೆ ಆತ ತನ್ನ ಲಾಯ ತೋರಿಸಿದ. ಯೂರೋಪಿನ ಕುದುರೆ ಪ್ರಿಯರು ಪುರಾಣದಂತೆ ಮಾತಾಡಿಕೊಳ್ಳುತ್ತಿದ್ದ ನಜ್ದಿ ಕುದುರೆಗಳು ತೆರೆದ ಅಂಗಳದಲ್ಲಿ, ಕಾಲಿಗೆ ಸಂಕೋಲೆ ಹಾಕಿಸಿಕೊಂಡು, ನೆರಳಿಲ್ಲದೆ ನಿಂತಿದ್ದವು. ಮೊದಲ ನೋಟಕ್ಕೆ ನಿರಾಶೆಯಾಗುವಂತಿತ್ತು. ಹೆಚ್ಚಿನವು 4 ಅಡಿ 8 ಇಂಚಿನ ಆಸುಪಾಸಿನ ಎತ್ತರದವು. ಇಂಗ್ಲೆಂಡಿನ ಅಳತೆಯಲ್ಲಿ ಅವು ಕುದುರೆಗಳೇ ಅಲ್ಲ, ತಟ್ಟುಗಳು. ಆದರೆ ಸವಾರರು ಮೇಲೇರಿ ಓಡಿಸಿದಾಗ ನೋಟವೇ ಬೇರೆ. ತಲೆಯ ಅಂದ, ಬಾಲ ಎತ್ತಿದ ಠೀವಿ, ಹೆಗಲಿನ ಇಳಿಜಾರು ಇವನ್ನೆಲ್ಲ ಆನ್ ಒಂದೊಂದಾಗಿ ಬರೆದುಕೊಂಡರು. ಇಷ್ಟು ಹೆಸರಾದ ಲಾಯದಲ್ಲೂ ಪ್ರತಿಯೊಂದು ಕುದುರೆ ಶ್ರೇಷ್ಠವಾಗಿರಲಿಲ್ಲ, ಯೂಫ್ರಟಿಸ್ ಕಡೆಯ ಅನಜಾಗಳಲ್ಲಿ ಇದಕ್ಕಿಂತ ಒಳ್ಳೆಯವನ್ನು ನೋಡಿದ್ದಾಗಿದೆ ಎಂಬುದು ಅವರು ತಲುಪಿದ ನಿರ್ಣಯ. ಅಷ್ಟು ದೂರ ಹೋದವರು ಸಾಮಾನ್ಯವಾಗಿ ಉತ್ಪ್ರೇಕ್ಷೆ ಹೊತ್ತು ತರುತ್ತಾರೆ. ಆನ್ ತಂದದ್ದು ಅಳತೆಯನ್ನು.

ಹಾಯಿಲಿನಿಂದ ಪಾರಸಿ ಯಾತ್ರಿಕರ ತಂಡದೊಡನೆ ನಜಫ್, ಬಾಗ್ದಾದ್. ಅಲ್ಲಿಂದ ಪರ್ಷಿಯಾದ ಕಡುಕಷ್ಟದ ದಾರಿಯಲ್ಲಿ ಬುಷೈರ್. ಹಡಗು ಹತ್ತಿ ಕರಾಚಿ. ಕೊನೆಗೆ ಸಿಮ್ಲಾದಲ್ಲಿ ವೈಸರಾಯ್ ಲಿಟ್ಟನ್ ಅವರ ಆತಿಥ್ಯ. ಇದೇ ಲಿಟ್ಟನ್ ಮಗ ನೆವಿಲ್‌ನನ್ನು ಇಪ್ಪತ್ತು ವರ್ಷಗಳ ಬಳಿಕ ಜುಡಿತ್ ಮದುವೆಯಾದಳು. ಯೂಫ್ರಟಿಸ್ ಪ್ರಯಾಣದ ಕಥನ 1879ರಲ್ಲಿ, ನಜ್ದ್ ಯಾತ್ರೆಯ ಕಥನ 1881ರಲ್ಲಿ ಆನ್ ಹೆಸರಿನಲ್ಲಿ ಪ್ರಕಟವಾದವು. ಸಂಪಾದನೆ ವಿಲ್‌ಫ್ರಿಡ್ ಅವರದು.

ಇನ್ನು ಕ್ರ್ಯಾಬೆಟ್‌ನ ಕೆಲಸ. ಹೆಣ್ಣು ಕುದುರೆ ಗರ್ಭ ಧರಿಸಿ ಈಯಲು ಸುಮಾರು 11 ತಿಂಗಳು ಬೇಕು. ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ. ಗಂಡು ಕುದುರೆ ಒಂದೇ ಋತುವಿನಲ್ಲಿ ಹತ್ತಾರು ಮರಿಗಳಿಗೆ ತಂದೆಯಾಗಬಲ್ಲದು. ಹೆಣ್ಣಿನ ಆಯ್ಕೆಯಲ್ಲಾದ ತಪ್ಪು ಲಾಯದ ಒಂದು ಮೂಲೆಯಲ್ಲಿ ಉಳಿಯುತ್ತದೆ, ಬೀಜದ ಕುದುರೆಯ ಆಯ್ಕೆಯಲ್ಲಾದ ತಪ್ಪು ಇಡೀ ಹಿಂಡಿಗೆ ಹರಡುತ್ತದೆ. ಅದೂ ಕಣ್ಣಿಗೆ ಬೀಳುವುದು ಮರಿ ಬೆಳೆದು ನಾಲ್ಕೈದು ವರ್ಷವಾದ ಮೇಲೆ. ಸಣ್ಣ ಲಾಯಕ್ಕೆ ಇನ್ನೊಂದು ಫಜೀತಿಯಿದೆ. ಒಳ್ಳೆಯ ಗಂಡು ಕುದುರೆಯೊಂದನ್ನು ಕೆಲವು ವರ್ಷ ಬಳಸಿದರೆ ಹುಲ್ಲುಗಾವಲ ತುಂಬ ಅದರ ಹೆಣ್ಣುಮಕ್ಕಳೇ ಆಗಿಬಿಡುತ್ತವೆ. ಆಗ ಒಂದೋ ತಂದೆಯನ್ನು ಮಗಳಿಗೇ ಕೂಡಿಸಬೇಕು, ಇಲ್ಲವೇ ಅದನ್ನು ಮಾರಿ ಹೊಸದನ್ನು ಹುಡುಕಬೇಕು. ಎಷ್ಟೇ ಪ್ರೀತಿಯದಾದರೂ ಬೀಜದ ಕುದುರೆ ಅಂಥ ಲಾಯದಲ್ಲಿ ಅತಿಥಿಯೇ.

ಸೆಗ್ಲಾವಿ ವಂಶದ ಫೇರೋ ಎಂಬ ಸುಂದರ ಕುದುರೆ ಹೀಗೆಯೇ ಕೆಲವೇ ವರ್ಷ ಇದ್ದು ಪೊಟೊಟ್ಸ್ಕಿ ಮನೆತನದ ಆಂಟೊನಿನಿ ಲಾಯಕ್ಕೆ ಮಾರಾಟವಾಯಿತು. ಒಟೈಬಾ ಬುಡಕಟ್ಟಿನ ಹದ್ಬಾನ್ ಎಂಬ ಕುದುರೆ ಭಾರತದ ಮೂಲಕ 1884ರಲ್ಲಿ ಕ್ರ್ಯಾಬೆಟ್ ಸೇರಿತು. ಕೊಲ್ಲಿಯ ಬಂದರುಗಳಿಂದ ಅರಬ್ಬೀ ಕುದುರೆಗಳು ಬೊಂಬಾಯಿಯ ವ್ಯಾಪಾರಿಗಳ ಲಾಯಗಳಿಗೆ ಬರುತ್ತಿದ್ದ ಕಾಲ ಅದು. 1888ರಲ್ಲಿ ಬಂದ ಬೂದು ಬಣ್ಣದ ಅಝ್ರೆಕ್ ಮುಂದೆ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಹೆಣ್ಣು ಕುದುರೆಗಳ ಪೈಕಿ 1881ರಲ್ಲಿ ಬಂದ ರೊಡಾನಿಯಾ ಮುಂಗೋಪಿಯಾದರೂ ಸಂತಾನದಲ್ಲಿ ಅದೃಷ್ಟಶಾಲಿ. ಮರಿಗೆ ತಾಯಿಯ ಹೆಸರಿನ ಮೊದಲ ಅಕ್ಷರದಿಂದಲೇ ಹೆಸರಿಡುವ ಪದ್ಧತಿ ಕ್ರ್ಯಾಬೆಟ್‌ನಲ್ಲಿ ಬೆಳೆದು ಬಂತು. ರೊಡಾನಿಯಾಳ ಮಗಳು ರೋಸ್ ಆಫ್ ಶೇರನ್, ಅವಳ ಮಗ ರಿಜಂ, ಹೀಗೆ. ಮರುಭೂಮಿಯ ತಾಯಿಸಾಲಿನ ಲೆಕ್ಕವನ್ನು ಆಂಗ್ಲ ಲಿಪಿಗೆ ಒಗ್ಗಿಸಿದ ಜಾಣ ಉಪಾಯ ಇದು.

ಥರೋಬ್ರೆಡ್ ತಳಿಯನ್ನು ಸುಧಾರಿಸುವ ಮೂಲ ಉದ್ದೇಶ ಮಾತ್ರ ಬೇಗನೆ ಮುಗ್ಗರಿಸಿತು. 1884ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಅರಬ್ಬೀ ಕುದುರೆಗಳಿಗೆಂದೇ ಒಂದು ಓಟ ಏರ್ಪಾಡಾಯಿತು. ಫಲಿತಾಂಶ ಯಾರಿಗೂ ಉತ್ಸಾಹ ತರಲಿಲ್ಲ. ರೇಸ್ ಮಂದಿ ಬೆನ್ನು ತಿರುಗಿಸಿದರು. ಆಮೇಲೆ ಉಳಿದದ್ದು ಒಂದೇ ದಾರಿ: ಅರಬ್ಬೀ ಕುದುರೆಯನ್ನು ಅರಬ್ಬೀ ಕುದುರೆಯಾಗಿಯೇ ಉಳಿಸುವುದು. ಓಟದಲ್ಲಿ ಸೋತದ್ದು ತಳಿಗೆ ಒಳ್ಳೆಯದೇ ಆಯಿತೆನ್ನಬೇಕು. ಗೆದ್ದಿದ್ದರೆ ಬೇರೆ ರಕ್ತದಲ್ಲಿ ಕರಗಿಹೋಗುತ್ತಿತ್ತು.

ಈ ನಡುವೆ 1882ರಲ್ಲಿ ಅವರು ಕೈರೋ ನಗರದ ಹೊರವಲಯದಲ್ಲಿ ಷೇಕ್ ಉಬೈದ್ ಎಂಬ ಹಣ್ಣಿನ ತೋಟವೊಂದನ್ನು ಕೊಂಡಿದ್ದರು. ಈಜಿಪ್ಟಿನ ದಂಗೆಯಲ್ಲಿ ವಿಲ್‌ಫ್ರಿಡ್ ಅರಾಬಿ ಪಾಷಾನ ಪರ ನಿಂತದ್ದರಿಂದ ಕೆಲವು ವರ್ಷ ಆ ದೇಶಕ್ಕೆ ಕಾಲಿಡುವಂತಿರಲಿಲ್ಲ. ಆ ನಿರ್ಬಂಧ ತೆರವಾದ ಬಳಿಕ ಆನ್ ಕಣ್ಣು ಬಿದ್ದದ್ದು ಅಲಿ ಪಾಷಾ ಶರೀಫನ ಲಾಯದ ಮೇಲೆ. ಈಜಿಪ್ಟನ್ನು ಆಳಿದ ಒಂದನೇ ಅಬ್ಬಾಸ್ ಪಾಷಾ ಮರುಭೂಮಿಗೆ ದೂತರನ್ನು ಕಳಿಸಿ, ಹಣವನ್ನು ನೀರಿನಂತೆ ಚೆಲ್ಲಿ, ವಂಶದ ಹೇಳಿಕೆಗಳನ್ನು ಬರೆಸಿ ಕೂಡಿಹಾಕಿದ್ದ ಕುದುರೆಗಳು ಆತನ ಕೊಲೆಯ ನಂತರ ಚದುರಿಹೋಗಿದ್ದವು. ಅವುಗಳ ಸಂತತಿಯಲ್ಲಿ ಅತ್ಯುತ್ತಮವಾದದ್ದು ಅಲಿ ಪಾಷಾನ ಬಳಿ ಸೇರಿತ್ತು. ಕುದುರೆ ಬೇನೆಯೊಂದು ಅದರಲ್ಲೂ ಬಹಳಷ್ಟನ್ನು ತಿಂದುಹಾಕಿತ್ತು. ಮುದುಕನಾಗುತ್ತ ಸಾಲಕ್ಕೆ ಸಿಕ್ಕಿದ್ದ ಪಾಷಾ ಮಾರಲೂ ಆಗದೆ ಬಿಡಲೂ ಆಗದೆ ತೊಳಲುತ್ತಿದ್ದ.

1889ರಲ್ಲಿ ಆತ ಬಿಟ್ಟುಕೊಟ್ಟ ಕುದುರೆಗಳಲ್ಲಿ ಎರಡು ವರ್ಷದ ಒಂದು ಗಂಡು ಮರಿಯಿತ್ತು. ಕೆಂಗಂದು ಮೈ, ನಾಲ್ಕೂ ಕಾಲುಗಳಲ್ಲಿ ಬಿಳಿ, ಹಣೆಯಿಂದ ಮೂಗಿನವರೆಗೆ ಬಿಳಿ ಪಟ್ಟಿ. ಹೆಸರು ಮೆಸಾವುದ್. 1891ರಲ್ಲಿ ಅದು ಕೈರೋ ಬಿಟ್ಟು ಇಂಗ್ಲೆಂಡಿಗೆ ಬಂತು. ಕ್ರ್ಯಾಬೆಟ್‌ನ ಇತಿಹಾಸವನ್ನು ಮೆಸಾವುದ್‌ಗೆ ಮೊದಲು, ಮೆಸಾವುದ್ ನಂತರ ಎಂದು ಎರಡಾಗಿ ಓದಿದರೂ ತಪ್ಪಿಲ್ಲ. ಮರುಭೂಮಿಯಿಂದ ತಂದ ಹೆಣ್ಣು ಕುದುರೆಗಳಿಗೂ ಈಜಿಪ್ಟಿನ ಈ ಗಂಡು ಕುದುರೆಗೂ ಕೂಡಿಬಂದ ಜೋಡಿ ಬೇರೆ ಯಾವುದಕ್ಕೂ ಬರಲಿಲ್ಲ. ದಾವುದ್, ಸೆಯಾಲ್, ಆಸ್ಟ್ರಾಲೆಡ್ ಮುಂತಾದ ಮಕ್ಕಳು ತಾವೂ ಹೆಸರಾಂತ ಬೀಜದ ಕುದುರೆಗಳಾದವು. ಅಲಿ ಪಾಷಾ 1897ರಲ್ಲಿ ತೀರಿಕೊಂಡಾಗ ನಡೆದ ಹರಾಜಿನಲ್ಲಿ ಆನ್ ಕೈಗೆಟುಕಿದಷ್ಟನ್ನು ಕೊಂಡರು. ಅದರಲ್ಲಿದ್ದ ಬಿಂತ್ ಹೆಲ್ವಾ ಎಂಬ ಬಿಳಿಯ ಹೆಣ್ಣು ಕುದುರೆ ಕ್ರ್ಯಾಬೆಟ್‌ನಲ್ಲಿ ಕಾಲು ಮುರಿದುಕೊಂಡಿತು. ಕಾಲು ಮುರಿದ ಕುದುರೆಗೆ ಗುಂಡಿಕ್ಕುವುದು ಆ ಕಾಲದ ರೂಢಿ. ಇದಕ್ಕೆ ಆರೈಕೆ ನಡೆಯಿತು. ಸೊಟ್ಟಗಾದ ಕಾಲಿನಲ್ಲೇ ಮುಂದೆಯೂ ಮರಿ ಹಾಕಿತು.

ಬೇಸಿಗೆಯ ಶನಿವಾರವೊಂದರಲ್ಲಿ ಅತಿಥಿಗಳನ್ನು ಕರೆದು, ಕುದುರೆಗಳನ್ನು ತೋರಿಸಿ, ಹೆಚ್ಚಿನವನ್ನು ಮಾರುವ ಕ್ರ್ಯಾಬೆಟ್ ಸಂತೆ ಪ್ರಸಿದ್ಧವಾಯಿತು. ರಷ್ಯಾ, ಪೋಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಿಂದ ಕೊಳ್ಳುವವರು ಬಂದರು. 1903ರಲ್ಲಿ ಮೆಸಾವುದ್ ಕೂಡ ರಷ್ಯಾ ಸಾಮ್ರಾಜ್ಯಕ್ಕೆ ಮಾರಾಟವಾಯಿತು. ಆಗ ಅದಕ್ಕೆ 16 ವರ್ಷ. ಅದರ ಹೆಣ್ಣುಮಕ್ಕಳಿಂದ ಹುಲ್ಲುಗಾವಲು ತುಂಬಿತ್ತು.

ಹೊರಗೆ ಹೀಗೆ ಕೀರ್ತಿ ಹರಡುತ್ತಿದ್ದಾಗ ಮನೆಯೊಳಗೆ ಬಿರುಕು ಅಗಲವಾಗುತ್ತಿತ್ತು. ಅರಬ್ಬೀ ಕುದುರೆ ಕಷ್ಟದಲ್ಲಿ ಬೆಳೆದರೆ ಮಾತ್ರ ತನ್ನ ಗುಣ ಉಳಿಸಿಕೊಳ್ಳುತ್ತದೆ ಎಂಬುದು ವಿಲ್‌ಫ್ರಿಡ್ ಸಿದ್ಧಾಂತ. ಆ ಪ್ರಕಾರ ಕುದುರೆಗಳು ಚಳಿಗಾಲದಲ್ಲೂ ಬಯಲಲ್ಲಿ, ಅರೆಹೊಟ್ಟೆಯಲ್ಲಿ ಇರಬೇಕಾಯಿತು. ಸಸೆಕ್ಸ್‌ನ ಒದ್ದೆ ಕೆಸರಿಗೂ ನಜ್ದಿನ ಒಣ ಮರಳಿಗೂ ವ್ಯತ್ಯಾಸವಿದೆ ಎಂಬುದು ಕವಿಗೆ ಹೊಳೆಯದಿದ್ದುದು ಆಶ್ಚರ್ಯ. ಬೆದೂಯಿನ ತನ್ನ ಮರಿಗೆ ಒಂಟೆಯ ಹಾಲು ಕುಡಿಸಿ ಬೆಳೆಸುವುದನ್ನು ಆನ್ ಕಣ್ಣಾರೆ ಕಂಡಿದ್ದರು. ಕಷ್ಟದಲ್ಲಿ ಬೆಳೆಸುವುದು ಬೇರೆ, ಉಪವಾಸ ಕೆಡಹುವುದು ಬೇರೆ. ಚಳಿಗಾಲವನ್ನು ಈಜಿಪ್ಟಿನಲ್ಲಿ ಕಳೆದು ಬೇಸಿಗೆಗೆ ಮರಳಿದಾಗ ಕುದುರೆಗಳ ಸ್ಥಿತಿ ನೋಡಿ ಅವರು ನೊಂದುಕೊಂಡರು. ಗಂಡನ ಪ್ರಣಯ ಪ್ರಕರಣಗಳನ್ನು ಮೂವತ್ತು ವರ್ಷಕ್ಕೂ ಮೇಲೆ ಮೌನವಾಗಿ ಸಹಿಸಿದ್ದ ಆನ್, ಡೊರೊಥಿ ಕಾರ್ಲ್‌ಟನ್ ಎಂಬಾಕೆಯನ್ನು ಮನೆಯಲ್ಲೇ ಇರಿಸಿಕೊಳ್ಳುವ ಹಂತಕ್ಕೆ ಬಂದಾಗ 1906ರಲ್ಲಿ ಬೇರೆಯಾದರು.

ಬೇರೆಯಾಗುವುದೆಂದರೆ ಕುದುರೆಗಳೂ ಪಾಲಾಗಬೇಕು. ಹಿಂಡನ್ನು ಎರಡು ಭಾಗ ಮಾಡಲಾಯಿತು: ಒಂದು ಕ್ರ್ಯಾಬೆಟ್‌ನಲ್ಲಿ ಆನ್ ಕಡೆಗೆ, ಇನ್ನೊಂದು ನ್ಯೂಬಿಲ್ಡಿಂಗ್ಸ್ ಎಂಬ ಮನೆಯಲ್ಲಿ ವಿಲ್‌ಫ್ರಿಡ್ ಕಡೆಗೆ. ತಾಯಿ ಒಂದೆಡೆ, ಮಗಳು ಇನ್ನೊಂದೆಡೆ. 28 ವರ್ಷ ಹಿಡಿದು ಹೆಣೆದ ತಳಿಯನ್ನು ಜಮೀನಿನಂತೆ ಹಗ್ಗ ಹಾಕಿ ಭಾಗ ಮಾಡಿದಂತಾಯಿತು. ಬೀಜದ ಕುದುರೆಗಳ ಬಳಕೆಯಲ್ಲಿ ಎರಡು ಕಡೆಯವರ ನಡುವೆ ತಕರಾರು ನಿಲ್ಲಲೇ ಇಲ್ಲ.

ಆನ್ ಅವರ ಕೊನೆಯ ಹತ್ತು ವರ್ಷಗಳಲ್ಲಿ ಹೆಚ್ಚಿನ ಕಾಲ ಷೇಕ್ ಉಬೈದ್‌ನಲ್ಲೇ ಸಂದಿತು. ಅರಬ್ ಉಡುಪು ತೊಟ್ಟು, ಎಪ್ಪತ್ತು ದಾಟಿದ ವಯಸ್ಸಿನಲ್ಲೂ ದಿನವೂ ಕುದುರೆ ಏರುತ್ತಿದ್ದರು. ಅಲ್ಲೂ ಒಂದು ಪುಟ್ಟ ಲಾಯವಿತ್ತು. ಹಗಲು ಕುದುರೆ, ರಾತ್ರಿ ಬರಹ. ಹಳೆಯ ದಿನಚರಿಗಳು, ಅಬ್ಬಾಸ್ ಪಾಷಾನ ಕಾಲದ ದಾಖಲೆಗಳು, ಬೆದೂಯಿನರ ಹೇಳಿಕೆಗಳು ಎಲ್ಲವನ್ನೂ ಒಟ್ಟುಗೂಡಿಸಿ ಅರಬ್ಬೀ ಕುದುರೆಯ ಚರಿತ್ರೆ ಬರೆಯುವ ಕೆಲಸ ಹಿಡಿದಿದ್ದರು. ಅರಬ್ಬಿಯಲ್ಲಿ ಅವರ ಪಾಂಡಿತ್ಯ ಆಗಲೇ ಸ್ಥಾಪಿತವಾಗಿತ್ತು. ಕುದುರೆ ಕಳವಿನ ಒಂದು ಜನಪದ ಪ್ರಣಯ ಕಥೆ ಮತ್ತು ಇಸ್ಲಾಂ ಪೂರ್ವದ ಏಳು ಮಹಾಪದ್ಯಗಳನ್ನು ಅವರು ಅನುವಾದಿಸಿದ್ದರು, ವಿಲ್‌ಫ್ರಿಡ್ ಛಂದಸ್ಸಿಗೆ ಅಳವಡಿಸಿದ್ದರು. ಕುದುರೆಯ ಪುಸ್ತಕ ಮಾತ್ರ ಮುಗಿಯಲಿಲ್ಲ. 1915ರಲ್ಲಿ ಕೊನೆಯ ಬಾರಿ ಇಂಗ್ಲೆಂಡ್ ಬಿಟ್ಟರು. 1917ರಲ್ಲಿ ವಂಶಪಾರಂಪರ್ಯವಾಗಿ ಬ್ಯಾರನೆಸ್ ವೆಂಟ್‌ವರ್ತ್ ಪದವಿ ಬಂತು. ಆ ವರ್ಷದ ಡಿಸೆಂಬರ್ 15ರಂದು ಕೈರೋದಲ್ಲಿ ಕೊನೆಯುಸಿರೆಳೆದರು. ವಯಸ್ಸು 80.

ತಮ್ಮ ಪಾಲಿನ ಕುದುರೆಗಳನ್ನು ಆನ್ ಗಂಡನಿಗೂ ಬಿಡಲಿಲ್ಲ, ಮಗಳಿಗೂ ನೇರವಾಗಿ ಕೊಡಲಿಲ್ಲ. ಮೊಮ್ಮಕ್ಕಳಾದ ಆನ್ ಮತ್ತು ವಿನಿಫ್ರಿಡ್ ಹೆಸರಿನಲ್ಲಿ ಟ್ರಸ್ಟಿಯ ಸುಪರ್ದಿಗೆ ಒಪ್ಪಿಸಿದರು. ತಳಿ ಒಟ್ಟಾಗಿ ಉಳಿಯಲೆಂದು ಮಾಡಿದ ವ್ಯವಸ್ಥೆ ಅದು. ಆದದ್ದು ತಿರುಗುಮುರುಗು. ಇಡೀ ಲಾಯ ತನ್ನದೆಂದು ವಿಲ್‌ಫ್ರಿಡ್ ಹೊರಟರು. ಜುಡಿತ್ ಕುದುರೆಗಳನ್ನು ಬಚ್ಚಿಟ್ಟರು, ತಂದೆಯ ಕಡೆಯವರು ಎಳೆದೊಯ್ದರು. ವ್ಯಾಜ್ಯ ನಡೆಯುತ್ತಿರುವಾಗಲೇ ಹಲವು ಕುದುರೆಗಳು ಮಾರಾಟವಾಗಿ ಹೋದವು. 1920ರಲ್ಲಿ ನ್ಯಾಯಾಲಯದ ತೀರ್ಪು ಮೊಮ್ಮಕ್ಕಳ ಟ್ರಸ್ಟಿಯ ಪರವಾಯಿತು. ಆಮೇಲೆ ಜುಡಿತ್, ಈಗ ಲೇಡಿ ವೆಂಟ್‌ವರ್ತ್, ಕುದುರೆಗಳನ್ನು ಕೊಂಡು ಲಾಯವನ್ನು ಮತ್ತೆ ನಿಲ್ಲಿಸಿದರು. ವಿಲ್‌ಫ್ರಿಡ್ 1922ರಲ್ಲಿ ತೀರಿಕೊಂಡರು.

ಮಗಳು ತಾಯಿಯಷ್ಟೇ ಕಣ್ಣುಳ್ಳವಳು, ತಾಯಿಯಷ್ಟು ನಿಷ್ಠುರಳಲ್ಲ. 1920ರಲ್ಲಿ ಆಕೆ ಸ್ಕೋವ್ರೊನೆಕ್ ಎಂಬ ಬೂದು ಬಣ್ಣದ ಬೀಜದ ಕುದುರೆಯನ್ನು ಕೊಂಡಳು. ಅದು ಹುಟ್ಟಿದ್ದು ಅದೇ ಆಂಟೊನಿನಿಯಲ್ಲಿ, ಫೇರೋ ಮಾರಾಟವಾಗಿ ಹೋದ ಲಾಯದಲ್ಲಿ. ರೂಪದಲ್ಲಿ ಅದನ್ನು ಮೀರಿಸುವುದು ಅಪೂರ್ವವಾಗಿತ್ತು. ಆದರೆ ವಂಶಪತ್ರದ ಎಲ್ಲ ಸಾಲುಗಳೂ ಮರುಭೂಮಿಯವರೆಗೆ ಸ್ಪಷ್ಟವಾಗಿ ಹೋಗುತ್ತಿರಲಿಲ್ಲ. ತಾಯಿಯ ಅಳತೆಗೋಲಿನಲ್ಲಿ ಅದು ಮಜ್ಬೂತ್ ಅಲ್ಲ. ಕ್ರ್ಯಾಬೆಟ್‌ಗೆ ಎರಡನೆಯ ವೈಭವ ತಂದದ್ದು ಅದೇ ಕುದುರೆ, ಅದರ ಮಗ ನಸೀಮ್ 1936ರಲ್ಲಿ ಸೋವಿಯತ್ ಒಕ್ಕೂಟದ ತೆರ್ಸ್ಕ್‌ಗೆ ಹೋಗಿ ಅಲ್ಲಿಯ ತಳಿಯನ್ನು ಕಟ್ಟಿತು. ಈ ಬಗ್ಗೆ ಅರಬ್ಬೀ ಕುದುರೆ ಪ್ರಿಯರಲ್ಲಿ ವಾದ ಇನ್ನೂ ಮುಗಿದಿಲ್ಲ. ತಾಯಿಯ ಅಪೂರ್ಣ ಟಿಪ್ಪಣಿಗಳನ್ನು ಜುಡಿತ್ 1945ರಲ್ಲಿ ತಮ್ಮದೇ ದೊಡ್ಡ ಗ್ರಂಥವೊಂದರಲ್ಲಿ ಬಳಸಿಕೊಂಡರು. ಆನ್ ಅವರ ದಿನಚರಿಗಳಿಂದ ಆಯ್ದ ಭಾಗಗಳು 1986ರಲ್ಲಿ ಪುಸ್ತಕವಾಗಿ ಬಂದವು.

ಲೇಡಿ ವೆಂಟ್‌ವರ್ತ್ 1957ರಲ್ಲಿ ನಿಧನರಾದರು. ಕ್ರ್ಯಾಬೆಟ್ ಜಮೀನನ್ನು ಸೀಳಿಕೊಂಡು ಎಂ23 ಹೆದ್ದಾರಿ ಬರುವುದೆಂದಾದಾಗ, 1971ರ ಸುಮಾರಿಗೆ, ಲಾಯವನ್ನು ಮುಚ್ಚಿ ಉಳಿದ ಕುದುರೆಗಳನ್ನು ಚದುರಿಸಲಾಯಿತು.

ವ್ಯಾಜ್ಯ ಮುಗಿದ 1920ರಲ್ಲೇ ಇನ್ನೊಂದು ಮಾರಾಟ ನಡೆದಿತ್ತು. ಅಬ್ಬಾಸ್ ಪಾಷಾನ ತಳಿ ತನ್ನ ನೆಲದಲ್ಲೇ ಕ್ಷೀಣಿಸುತ್ತಿದ್ದುದನ್ನು ಕಂಡ ಈಜಿಪ್ಟಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯವರು ಕ್ರ್ಯಾಬೆಟ್‌ಗೆ ಬಂದು ಹಲವು ಕುದುರೆಗಳನ್ನು ಕೊಂಡುಹೋದರು. ಅವುಗಳಲ್ಲಿ ಕಜ್ಮೀನ್ ಎಂಬ ನಾಲ್ಕು ವರ್ಷದ ಗಂಡು ಕುದುರೆಯೂ ಇತ್ತು. ಅದರ ತಂದೆ ಸೊತಮ್, ಸೊತಮ್‌ನ ತಂದೆ ಆಸ್ಟ್ರಾಲೆಡ್, ಆಸ್ಟ್ರಾಲೆಡ್‌ನ ತಂದೆ ಮೆಸಾವುದ್. 1891ರಲ್ಲಿ ಕೈರೋ ಬಿಟ್ಟ ಕುದುರೆಯ ಮರಿಮಗ 29 ವರ್ಷಗಳ ನಂತರ ಅದೇ ಊರಿಗೆ ಬೀಜದ ಕುದುರೆಯಾಗಿ ಮರಳಿತು. ಕಜ್ಮೀನ್‌ಗೆ ಅಲ್ಲಿ ಹುಟ್ಟಿದ ಮಗಳು ಬಿಂತ್ ಸಮಿಹಾ. ಅವಳು 1934ರಲ್ಲಿ ಈದ ಮರಿಯೇ ನಜೀರ್. ಜರ್ಮನಿ, ಅಮೆರಿಕಗಳಿಗೆ ಹೋದ ನಜೀರ್‌ನ ಗಂಡು ಮಕ್ಕಳಿಂದ ಇಂದಿನ ಈಜಿಪ್ಷಿಯನ್ ಅರಬ್ಬೀ ಕುದುರೆಗಳಲ್ಲಿ ಬಹಳಷ್ಟು ಹುಟ್ಟಿಬಂದಿವೆ.